ಹರಿಹರಕ್ಕೆ ಒಯ್ದ ಎರಡು ಎಸಳು

ರೈಲಿನ ಕಿಟಕಿ ತೆರೆದದ್ದು ಎದುರಿಗೆ ಕೂತಿದ್ದ ಮೆಣಸಿನಕಾಯಿ ವ್ಯಾಪಾರಿ ಎಂದು ಬಹಳ ವರ್ಷ ಹೇಳಿಕೊಂಡು ಬಂದಿದ್ದೇನೆ. ಈಗ ಅಷ್ಟು ಖಚಿತವಾಗಿ ಹೇಳಲಾರೆ.

ಅರವತ್ತರ ದಶಕದ ಮೊದಲ ವರ್ಷಗಳು. ಮೈಸೂರಿನಲ್ಲಿ ಸಸ್ಯಶಾಸ್ತ್ರದ ಪದವಿ ಮುಗಿಸಿ ದಾವಣಗೆರೆಯ ಮನೆಯಲ್ಲಿ ಕೆಲಸವಿಲ್ಲದೆ ಕೂತಿದ್ದೆ. ಹೈಸ್ಕೂಲಿನಲ್ಲಿ ನನಗೆ ವಿಜ್ಞಾನ ಕಲಿಸಿದ ಮೇಷ್ಟ್ರು ಸೊಂಟ ಮುರಿದುಕೊಂಡು ಹರಿಹರದ ಮಗಳ ಮನೆ ಸೇರುವಾಗ ತಮ್ಮ ಆರ್ಕಿಡ್ ಕುಂಡವನ್ನು ಅವ್ವನಿಗೆ ಒಪ್ಪಿಸಿದ್ದರು. ಆರು ವರ್ಷ ಸಾಕಿದರೂ ಅವರ ಕಣ್ಣೆದುರು ಅದು ಒಮ್ಮೆಯೂ ಹೂ ಬಿಟ್ಟಿರಲಿಲ್ಲ. ಅವ್ವ ಬಚ್ಚಲ ಪಕ್ಕ ಒದ್ದೆ ಗೋಣಿತಟ್ಟಿನ ಮರೆಯಲ್ಲಿಟ್ಟು ಕಾಪಾಡಿದಳು. ಬೇಸಿಗೆ ಶುರುವಾಗುವ ಹೊತ್ತಿಗೆ ಹೂ ಬಿಟ್ಟಿತು. ನಡುವೆ ಚಪ್ಪಲಿಯ ಮೂತಿಯಂಥ ಪುಟ್ಟ ಚೀಲ, ಎರಡು ಬದಿಗೆ ಜಡೆಯ ಟೇಪಿನಂತೆ ಇಳಿಬಿದ್ದ ಉದ್ದನೆಯ ಎಸಳು.

ಹೂ ಅರಳಿದ ಮೇಲೂ ಈ ಎಸಳು ಬೆಳೆಯುತ್ತವೆ ಎಂದು ಮೇಷ್ಟ್ರು ಹೇಳಿದ್ದರು. ನಾನು ನಕ್ಕಿದ್ದೆ. ಅದಕ್ಕೇ ಇರಬೇಕು, ಅವ್ವ ದಿನಾ ಬೆಳಿಗ್ಗೆ ಎಡಗಡೆಯ ಎಸಳಿನ ಪಕ್ಕ ನೂಲು ಇಳಿಬಿಟ್ಟು, ತುದಿ ಬಂದಲ್ಲಿ ಒಂದು ಗಂಟು ಹಾಕುತ್ತಿದ್ದಳು. ಏಳು ದಿನಕ್ಕೆ ಏಳು ಗಂಟು, ಒಂದಕ್ಕಿಂತ ಒಂದು ಕೆಳಗೆ. ನೂಲು ಕುಗ್ಗಿರಬೇಕು ಎಂದೆ ನಾನು.

"ಅದನ್ನ ಮೇಷ್ಟ್ರು ಹೇಳ್ಲಿ. ಎರಡೂ ಎಸಳು ನೆಟ್ಟಗೆ ಮುಟ್ಟಿಸು, ಸಾಕು" ಎಂದು ನೂಲನ್ನೂ ಕೈಗಿತ್ತು ಮಧ್ಯಾಹ್ನದ ರೈಲಿಗೆ ಹತ್ತಿಸಿದಳು.

ಮಗುಚಿದ ಡಬ್ಬದ ಮೇಲೆ ಕುಂಡ, ಅದರ ಎರಡು ಬದಿಗೆ ನನ್ನ ಮೊಣಕಾಲು. ಎಸಳು ಯಾವುದಕ್ಕೂ ತಾಗಬಾರದು, ಗಾಳಿ ಬಡಿಯಬಾರದು. ಹತ್ತಿದ ಕೂಡಲೇ ಕಿಟಕಿ ಮುಚ್ಚಿಸಿದ್ದೆ. ಹರಿಹರ ಇನ್ನೇನು ಬಂತು ಅನ್ನುವಾಗ ರೈಲು ಸಿಗ್ನಲ್ಲಿಗೆ ನಿಂತಿತು. ನಿಂತೇ ಇತ್ತು.

"ಏನ್ರೀ ಅದು, ದೇವ್ರಾ?" ಎಂದ ವ್ಯಾಪಾರಿ.

"ಹೂವು."

"ಟಿಕೀಟು ತಗಂಡೈತೇನು? ನಮಗಿಂತ ಆರಾಮಾಗಿ ಕುಂತೈತಲ್ಲ!"

ಪಕ್ಕದ ಮುದುಕಿ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು. "ಕಿಟಕಿ ತೆಗಿಯಪ್ಪಾ. ನಿನ್ನ ಹೂವು ಉಳಿಯೋದ್ರಾಗೆ ನಾವು ಬೆಂದು ಹೋಗ್ತೀವಿ."

"ಐದು ನಿಮಿಷ ತಡ್ಕಳ್ರಿ" ಎಂದೆ. ಕಾಲು ಜೋಮು ಹಿಡಿದಿತ್ತು. ಬೆವರು ಕಣ್ಣಿಗಿಳಿದರೂ ಕುಂಡದಿಂದ ಕೈ ತೆಗೆದು ಒರೆಸುವಂತಿರಲಿಲ್ಲ. ಆ ಬೋಗಿಯೊಳಗೆ ಉಸಿರೇ ಉಳಿದಿಲ್ಲ ಅನ್ನಿಸತೊಡಗಿತು. ಎದ್ದು ಓಡಬೇಕು ಅನ್ನಿಸಿತು. ಎದ್ದರೆ ಎಸಳು ಮುರಿಯುತ್ತಿತ್ತು.

ಆಮೇಲೆ ಕಿಟಕಿ ತೆರೆದಿತ್ತು. ರೈಲು ಜಗ್ಗಿ ಹೊರಟಿತು, ಗಾಳಿ ನುಗ್ಗಿತು, ಎಡಗಡೆಯ ಎಸಳು ಬೆಂಚಿನ ಅಂಚಿಗೆ ಬಡಿದು ಬುಡದಲ್ಲೇ ಕಳಚಿತು.

ಮೇಷ್ಟ್ರು ಮಲಗಿದ್ದಲ್ಲೇ ಕತ್ತು ಹೊರಳಿಸಿ ಹೂವನ್ನು ಬಹಳ ಹೊತ್ತು ನೋಡಿದರು. ಮುರಿದ ಎಸಳನ್ನು ಎದೆಯ ಮೇಲಿಟ್ಟು, ಪಕ್ಕದಲ್ಲಿ ನೂಲು ಚಾಚಿ, ಗಂಟುಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟುತ್ತಾ ಹೋದರು.

"ಯಾರೋ ಕಿಟಕಿ ತೆಗೆದುಬಿಟ್ರು ಸಾರ್."

"ಆತು ಬಿಡು, ಇನ್ನೊಂದು ಐತಲ್ಲ. ನಿನ್ನ ಕೈಗೇನೋ ಅದು ಮಸಿ?"

ಬಲ ಅಂಗೈ ಕಪ್ಪಾಗಿತ್ತು. ಕಿಟಕಿಯೇ ಆಗಬೇಕಿಲ್ಲ, ಉಗಿಬಂಡಿಯಲ್ಲಿ ಎಲ್ಲಿ ಮುಟ್ಟಿದರೂ ಮಸಿ ಹತ್ತುತ್ತಿದ್ದ ಕಾಲ. ಅದರಿಂದ ಏನೂ ಸಾಬೀತಾಗುವುದಿಲ್ಲ. ಆದರೆ ದಾರಿಯುದ್ದಕ್ಕೂ ನನ್ನ ಎರಡೂ ಕೈ ಕುಂಡದ ಮೇಲೇ ಇದ್ದವು ಎಂದು ಹೇಳುತ್ತ ಬಂದವನೂ ನಾನೇ.

ಮೇಷ್ಟ್ರು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ ಗ್ರಂಥಾಲಯದಲ್ಲಿ ಕೂತು ಹುಡುಕಿದೆ. ಆ ಬಗೆಯ ಹೂವಿನ ಎಸಳು ಮೊಗ್ಗು ಬಿರಿದಾಗ ಗಿಡ್ಡವಾಗಿರುತ್ತವೆ. ಹೂ ಅರಳಿದ ಮೇಲೂ ಹಲವು ದಿನ ಬೆಳೆಯುತ್ತವೆ.