ಬೇಳೆ ಬೇಯುವಷ್ಟು ಅಭ್ಯಾಸ

ಹುಣಸೂರಿನ ಅಂಗಡಿಗಳಲ್ಲಿ ಸಿಗುವ ಚಿನ್ನದ ಬಣ್ಣದ ನಕ್ಷತ್ರದ ಸ್ಟಿಕ್ಕರುಗಳಿಗೆ ಅಂಟು ಸಾಲದು. ಶನಿವಾರ ಮಕ್ಕಳ ಪುಸ್ತಕಕ್ಕೆ ಅಂಟಿಸಿದ್ದು ಭಾನುವಾರ ನನ್ನ ಪಂಚೆಯ ಹಿಂಭಾಗದಲ್ಲಿ ಪ್ರಕಾಶಿಸುತ್ತಿರುತ್ತದೆ. ಪಿಯಾನೋ ಕಲಿಸುವ ನನ್ನ ಬತ್ತಳಿಕೆಯಲ್ಲಿರುವುದು ಈ ನಕ್ಷತ್ರಗಳಷ್ಟೇ. ದಿನಕ್ಕೆ ಅರ್ಧ ಗಂಟೆ ಅಭ್ಯಾಸ, ಅದಕ್ಕೊಂದು ಪೋಷಕರ ಸಹಿ, ಏಳು ಸಹಿಗೆ ಒಂದು ನಕ್ಷತ್ರ ಎಂಬ ಪ್ರೋತ್ಸಾಹಶಾಸ್ತ್ರವನ್ನು ರಚಿಸಿದ ನಾನು, ಸ್ವತಃ ಅಭ್ಯಾಸ ಬಿಟ್ಟು ಎಷ್ಟು ವರ್ಷವಾಯಿತೆಂಬುದನ್ನು ಜಾಣತನದಿಂದ ಮರೆತಿದ್ದೇನೆ, ಓದುಗ ಮಹಾಶಯರು ಮನ್ನಿಸಬೇಕು.

ಈ ಶಾಸ್ತ್ರವನ್ನು ಗೊಂದಲಕ್ಕೆ ಕೆಡವಿದವರು ಪಿರಿಯಾಪಟ್ಟಣದ ಕಡೆಯ ಜಯಮ್ಮ. ಐವತ್ತು ದಾಟಿದವರು, ಮನೆಯಲ್ಲಿ ಹೊಗೆಸೊಪ್ಪಿನ ಬೇಸಾಯ. ಮದುವೆಯಾದ ಮಗಳು ಬಿಟ್ಟುಹೋದ ಕೀಬೋರ್ಡನ್ನು ಹಳೆ ಸೀರೆಯಲ್ಲಿ ಸುತ್ತಿ ಬಸ್ಸಿನಲ್ಲಿ ತಂದು, “ಬೀರು ಮ್ಯಾಲೆ ಸುಮ್ಕೆ ಕುಂತದೆ ಮೇಷ್ಟ್ರೇ, ನಂಗೇ ಏಳ್ಕೊಡಿ” ಎಂದರು. ನಾನು ರೂಢಿಯಂತೆ ಮಕ್ಕಳಿಗೆ ಕೊಡುವ ಸಹಿ ಪುಸ್ತಕವನ್ನೇ ಕೊಟ್ಟುಬಿಟ್ಟೆ. ಮುಂದಿನ ವಾರ ಪೋಷಕರ ಸಹಿಯ ಜಾಗದಲ್ಲಿ ಅವರ ಅತ್ತೆಯ ಏಳು ಹೆಬ್ಬೆಟ್ಟು. ಶಾಯಿ ಬೇಕಾಗಿರಲಿಲ್ಲ, ಹಸಿ ಸೊಪ್ಪು ಕಟ್ಟುವಾಗ ಕೈಗೆ ಹತ್ತಿದ ಅಂಟೇ ಕಪ್ಪಗೆ ಮೂಡಿತ್ತು.

“ಮನೇಲಿ ದೊಡ್ಡೋರು ಅವರೇ ಅಲ್ವರಾ? ಒಲೆ ಮ್ಯಾಲೆ ಬೇಳೆ ಬೇಯಗಂಟ ಬಾರಿಸ್ಬೇಕು. ತಪ್ಪಿದ್ರೆ ಹೆಬ್ಬೆಟ್ಟು ಒತ್ತಾಕಿಲ್ಲ ಅಂತಾರೆ.”

ಅತ್ತೆಗೆ ಸಂಗೀತಜ್ಞಾನ ಉಂಟೇ ಎಂದು ವಿಚಾರಿಸಿದೆ. “ಕಿವೀನೇ ಕೇಳಾಕಿಲ್ಲ ಮೇಷ್ಟ್ರೇ. ನನ್ ಮಕ ನೋಡ್ಕಂಡು ಕುಂತಿರ್ತಾರೆ.”

ನನಗೆ ತಲೆಬುಡ ತಿಳಿಯಲಿಲ್ಲ. ನಕ್ಷತ್ರಮಂಡಲವನ್ನೇ ಸಂಪಾದಿಸಿದ ಮಕ್ಕಳು ವರ್ಷವಿಡೀ ಒಂದೇ ಪಾಠದಲ್ಲಿ ತೆವಳುತ್ತಿರುವಾಗ, ಕಿವುಡು ಅತ್ತೆಯ ಮುಂದೆ ಕೂತ ಈಕೆ ಎರಡೂ ಕೈಯಲ್ಲಿ ನುಡಿಸತೊಡಗಿದ್ದರು.

ಆಮೇಲೆ ಮೂರು ವಾರ ಜಯಮ್ಮ ಬರಲಿಲ್ಲ. ಬಂದಾಗ ಪುಸ್ತಕದ ಪುಟಗಳು ಖಾಲಿ. ನಾನು, ದಡ್ಡ ಶಿಖಾಮಣಿ, ಮಕ್ಕಳೆದುರಿಗೇ ಸಾಧನೆ, ಶ್ರದ್ಧೆ, ನಿರಂತರತೆಗಳ ಬಗ್ಗೆ ಸುದೀರ್ಘವಾಗಿ ಕೊರೆದೆ. ನನ್ನ ಕೊರೆತ ಮುಗಿಯುವವರೆಗೂ ಅವರು ಕಾದರು.

“ಅತ್ತೆ ಓಗ್ಬುಟ್ರು ಮೇಷ್ಟ್ರೇ. ತಿಥಿ ಆದ್ಮೇಲೆ ದಿನಾ ಬಾರಿಸ್ದೆ. ಒತ್ತೋರಿಲ್ಲ.” ಪುಸ್ತಕವನ್ನು ನನ್ನ ಮುಂದಿಟ್ಟು, “ಇನ್ಯಾಕೆ, ಬುಟ್ಬುಡ್ತೀನಿ” ಎಂದರು.

ನಾಚಿಕೆಯಿಂದ ನನ್ನ ಮೈ ಹಿಡಿಯಾಯಿತು. ಕೈಯಲ್ಲಿದ್ದ ನಕ್ಷತ್ರದ ಹಾಳೆಯನ್ನು ಎಲ್ಲಿಡುವುದೆಂದೂ ತಿಳಿಯಲಿಲ್ಲ. ಮಕ್ಕಳನ್ನು ಹೊರಗೆ ಆಡಲು ಕಳಿಸಿ, ಬಾರಿಸಿ ಎಂದಷ್ಟೇ ಹೇಳಿ, ಪಕ್ಕದ ಸ್ಟೂಲಿನಲ್ಲಿ ಕುಳಿತೆ. ಇಷ್ಟು ವರ್ಷ ವಿದ್ಯಾರ್ಥಿಗಳ ಬೆರಳನ್ನೇ ನೋಡಿದವನು ಅಂದು ಮುಖ ನೋಡಿದೆ. ಎರಡನೆಯ ಸಾಲಿನಲ್ಲಿ ಸ್ವರ ತಪ್ಪುವುದಕ್ಕೆ ಮೊದಲೇ ಅವರ ಹುಬ್ಬಿಗೆ ಅದು ಗೊತ್ತಾಗಿತ್ತು. ಇನ್ನೊಮ್ಮೆ ಎಂದೆ. ನುಡಿಸಿದರು, ಕಣ್ಣೊರೆಸಿಕೊಂಡು ಮತ್ತೊಮ್ಮೆ ನುಡಿಸಿದರು. ಪೆನ್ನಿನ ಶಾಯಿಯನ್ನು ಹೆಬ್ಬೆರಳಿಗೆ ಬಳಿದುಕೊಂಡು ಪುಸ್ತಕದಲ್ಲಿ ಒತ್ತಿದೆ. ಜಯಮ್ಮ ಅದನ್ನು ಅತ್ತೆಯ ಗುರುತಿನ ಪಕ್ಕ ಹಿಡಿದು ಬಹಳ ಹೊತ್ತು ನೋಡಿದರು.

ಪ್ರೋತ್ಸಾಹವೆಂದರೆ ಏನೆಂದು ನನಗೆ ಇನ್ನೂ ಸರಿಯಾಗಿ ಅರ್ಥವಾಗಿಲ್ಲ. ಅವರು ಪುಸ್ತಕ ಮುಚ್ಚಿ ಎದ್ದು, “ಈಗ ನೀವು ಬಾರಿಸಿ, ನಾನ್ ಕುಂತಿರ್ತೀನಿ” ಎಂದು ನನ್ನ ಸ್ಟೂಲಿನಲ್ಲಿ ಕುಳಿತು ಮುಖವನ್ನೇ ನೋಡತೊಡಗಿದರು. ಅವರ ಜಾಗದಲ್ಲಿ ಕೂತ ನಾನು ಮೂರನೆಯ ಸಾಲಿಗೇ ತಪ್ಪಿದೆ.

“ಒತ್ತಾಕಿಲ್ಲ,” ಎಂದರು ಜಯಮ್ಮ.

ಪಂಚೆಯ ಹಿಂದೆ ಅಂಟಿಕೊಂಡಿದ್ದ ನಕ್ಷತ್ರವನ್ನು ಕಿತ್ತು ಕಸದ ಡಬ್ಬಿಗೆ ಹಾಕಿ, ಮೊದಲಿನಿಂದ ಶುರುಮಾಡಿದೆ.