ಮೂರನೇ ಕಿಟಕಿಯ ಗುಮಾಸ್ತರು

ಜನನ ಪತ್ರ ಕೊಡುವ ನಮ್ಮೂರ ಕಚೇರಿಯ ಮೂರನೇ ಕಿಟಕಿಯಲ್ಲಿ ಕೂರುವ ಗುಮಾಸ್ತರಿಗೆ ಪದಗಳ ಹುಟ್ಟು ಹುಡುಕುವ ಹುಚ್ಚು. ಜನರ ಹುಟ್ಟು ಬರೆದು ಬರೆದು ಅಂಟಿಕೊಂಡದ್ದಿರಬೇಕು. ಯಾರಾದರೂ ಬಾಯಿ ತಪ್ಪಿ ‘ಸರ್, ಹೆಸರು ತಿದ್ದೋ ವಿಂಡೋ ಇದೇನಾ?’ ಎಂದರೋ, ಕೆಟ್ಟರು. ‘ವಿಂಡೋ ಅಂದ್ರೇನು ಗೊತ್ತೇನ್ರೀ? ಗಾಳಿಯ ಕಣ್ಣು! ವಿಂಡ್ ಅಂದ್ರೆ ಗಾಳಿ, ಬಾಲದಲ್ಲಿರೋ ಓ ಅಂದ್ರೆ ಹಳೇ ಕಾಲದಲ್ಲಿ ಕಣ್ಣು. ನಮ್ಮ ಗವಾಕ್ಷಿ ಹಸುವಿನ ಕಣ್ಣು. ಎಲ್ಲಿಯ ಗಾಳಿ, ಎಲ್ಲಿಯ ಹಸು, ಕಣ್ಣು ಮಾತ್ರ ಎರಡರಲ್ಲೂ ಇದೆ ನೋಡಿ!’ ಅಷ್ಟರಲ್ಲಿ ಸಾಲು ಮೆಟ್ಟಿಲಿಳಿದು ಬೀದಿಗೆ ಬಂದಿರುತ್ತದೆ. ‘ಇವರ ಪುರಾಣ ಮುಗಿಯೋಷ್ಟರಲ್ಲಿ ನನ್ನ ಮಗೂಗೆ ಮೀಸೆ ಬಂದಿರುತ್ತೆ’ ಎಂದು ಹಿಂದಿನವರು ಗೊಣಗುತ್ತಾರೆ. ಆದರೂ ಸಾಲು ಬಿಟ್ಟು ಕದಲುವುದಿಲ್ಲ. ಮೊನ್ನೆ ನನ್ನ ಮುಂದಿದ್ದ ಅಜ್ಜಿ, ‘ಮೊಮ್ಮಗಳ ಹೆಸರು ತಪ್ಪಾಗಿದೆ ಅಂತ ಶಾಲೇಲಿ ಸೇರಿಸ್ಕೊಳ್ತಿಲ್ಲಪ್ಪಾ’ ಎಂದಾಗ, ಅವರು ಆಕೆಯ ಮುಖವನ್ನೊಮ್ಮೆ ನೋಡಿ, ಪುರಾಣವೆತ್ತದೆ, ನಿಂತ ಕಾಲಲ್ಲೇ ತಿದ್ದಿಕೊಟ್ಟರು. ಆಗಲೇ ನಾನು ಗಮನಿಸಿದ್ದು: ಉಳಿದ ಕಿಟಕಿಗಳಲ್ಲಿ ಮಾಸಿದ ಗಾಜು, ಕೆಳಗೊಂದು ತೂತು, ಸೊಂಟ ಬಗ್ಗಿಸಿ ಆ ತೂತಿಗೆ ಕಷ್ಟ ಹೇಳಿಕೊಳ್ಳಬೇಕು. ಇಲ್ಲಿ ಗಾಜೇ ಇಲ್ಲ. ‘ಒಡೆದುಹೋಯ್ತಾ ಸರ್?’ ಎಂದೆ. ‘ಇಲ್ಲ, ಕಣ್ಣಿಗೆ ಪೊರೆ ಬಂದಿತ್ತು’ ಎಂದರು ನನ್ನ ಅರ್ಜಿಗೆ ಕೈ ಚಾಚುತ್ತಾ, ‘ತೆಗೆಸಿಬಿಟ್ಟೆ.’