ಉಡಿ ಬಿಚ್ಚಿದ ಮೋನಮ್ಮ

ಮೋನಮ್ಮನಿಗೆ ಓದಲು ಬರುವುದಿಲ್ಲ. ಆದರೆ ವಿದ್ಯಾರ್ಥಿವೇತನದ ಪರೀಕ್ಷೆಗೆ ಅರ್ಜಿ ಯಾವಾಗ ಹಾಕಬೇಕು, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಎಷ್ಟು ಸಲ ಅಲೆಯಬೇಕು ಎಂಬುದೆಲ್ಲ ನನಗಿಂತ ಚೆನ್ನಾಗಿ ಗೊತ್ತು. ನಾನು ಅವಳ ಮಕ್ಕಳಿಗೆ ಪಾಠ ಹೇಳಿದ ಮಾಸ್ತರ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ಶಹಾಪುರ ತಾಲ್ಲೂಕಿನ ಗೋಗಿಯ ಆಚೆಗಿರುವ ನಮ್ಮೂರಲ್ಲಿ ಹತ್ತಿ ಬಿಡಿಸುವ ಹನ್ನೆರಡು ಹೆಂಗಸರ ಗುಂಪಿಗೆ ಅವಳೇ ಯಜಮಾನಿ. ಹಿರಿಯ ಮಗಳು ಲಕ್ಷ್ಮಿ ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸ್ ಬಂದಾಗ, ಶಹಾಪುರದ ಕಾಲೇಜಿಗೆ ಕಳಿಸಲು ಸರಕಾರದ್ದು ಏನಾದರೂ ಸಿಗುತ್ತದೆಯೇ ಎಂದು ಕೇಳಲು ಮೋನಮ್ಮ ನನ್ನ ಬಳಿ ಬಂದಳು. ಒಂದಿದೆ, ಪಿಯುಸಿ ಮುಗಿಯುವವರೆಗೂ ಕೊಡುತ್ತಾರೆ, ಆದರೆ ಅದರ ಪರೀಕ್ಷೆಯನ್ನು ಎಂಟನೇ ತರಗತಿಯಲ್ಲೇ ಬರೆಯಬೇಕಿತ್ತು ಎಂದೆ.

“ಮತ್ತ ಆವಾಗ ಯಾಕ ಹೇಳಲಿಲ್ರಿ ಸರ್?”

ಉತ್ತರ ನನ್ನ ಬೀರುವಿನಲ್ಲಿತ್ತು. ಆ ವರ್ಷದ ಸುತ್ತೋಲೆಯನ್ನು ಓದದೆ ಒಳಗೆ ತುರುಕಿ ಬೀಗ ಹಾಕಿದ್ದೆ. ಲಕ್ಷ್ಮಿ ಅವ್ವನ ಜೊತೆ ಹತ್ತಿ ಹೊಲಕ್ಕೆ ಹೋದಳು. ನಾನು ತಿಂಗಳ ಸಂಬಳ ತೆಗೆದುಕೊಂಡೆ.

ಕಿರಿಯವಳು ಸುಮಂಗಲಾ ಎಂಟಕ್ಕೆ ಬಂದ ವರ್ಷ ಮೋನಮ್ಮ ಜೂನ್‌ನಿಂದಲೇ ನನ್ನ ಬೆನ್ನು ಹತ್ತಿದಳು. ಗುಂಪಿನವರ ಇನ್ನೂ ಮೂರು ಹುಡುಗಿಯರನ್ನು ಸೇರಿಸಿ ನಾಲ್ಕು ಅರ್ಜಿ ತುಂಬಿಸಿದಳು. ರಜೆಯ ದಿನ ಹುಡುಗಿಯರೂ ಹೊಲಕ್ಕೆ ಹೋಗುತ್ತಿದ್ದರು. ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಾಯಿಪಾಠ ಮಾಡಿಕೊಂಡು ಬಂದ ಲಕ್ಷ್ಮಿ ಸಾಲಿನ ಈ ತುದಿಯಿಂದ ಪ್ರಶ್ನೆ ಕೂಗುತ್ತಿದ್ದಳು. ಕೈ ನಿಲ್ಲಿಸದೆ ಅವರು ಉತ್ತರ ಹೇಳಬೇಕು. ತಪ್ಪಿದರೆ ಹೆಂಗಸರೆಲ್ಲ ನಗುತ್ತಿದ್ದರು.

ಪರೀಕ್ಷೆ ಡಿಸೆಂಬರಿನ ಒಂದು ಭಾನುವಾರಕ್ಕೆ ಬಂತು. ಸೋಮವಾರ ಲಾರಿ ಬರುತ್ತದೆ, ನಾಳೆ ಹುಡುಗಿಯರೂ ಸೇರಿ ಎಲ್ಲರೂ ಕೆಲಸಕ್ಕೆ ಬರಬೇಕು ಎಂದು ಹೊಲದ ಮಾಲೀಕ ಹಣಮಂತ್ರಾಯ ಗೌಡರು ಶನಿವಾರ ಸಂಜೆ ಹೇಳಿದರು.

“ನಾಳಿ ಇವರದು ಪರೀಕ್ಷಾ ಅದರಿ,” ಎಂದಳು ಮೋನಮ್ಮ.

“ಪರೀಕ್ಷಾ ಮುಂದಿನ ವರ್ಷನೂ ಬರ್ತದ. ಹತ್ತಿ ನಿಲ್ತದೇನು?”

“ಇವರಿಗಿ ಬರಂಗಿಲ್ರಿ ಗೌಡ್ರ. ಎಂಟನೇ ಕ್ಲಾಸಿನ್ಯಾಗ ಒಮ್ಮಿ ಅಷ್ಟ. ನನ್ನ ಒಬ್ಬ ಮಗಳು ನಿಮ್ಮ ಸಾಲಿನ್ಯಾಗ ನಿಂತಾಳ. ಇನ್ನೊಬ್ಬಾಕಿನ್ನ ನಿಲ್ಲಸಂಗಿಲ್ಲ.”

“ಹಂಗಾದ್ರ ನೀವ್ಯಾರೂ ಬರಬ್ಯಾಡ್ರಿ.”

ಮೋನಮ್ಮ ವಾದಕ್ಕೆ ನಿಲ್ಲಲಿಲ್ಲ. ಹತ್ತಿ ತುಂಬಲು ಸೊಂಟಕ್ಕೆ ಕಟ್ಟಿದ್ದ ಉಡಿಯ ಗಂಟು ಬಿಚ್ಚಿ, ಇದ್ದ ಹತ್ತಿಯನ್ನು ಅವರ ರಾಶಿಗೆ ಕೊಡವಿ, ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡಳು. ಅವಳ ಹಿಂದೆ ಹನ್ನೊಂದು ಹೆಂಗಸರು ಉಡಿ ಬಿಚ್ಚಿದರು. ಭಾನುವಾರ ನಾಲ್ಕು ಹುಡುಗಿಯರ ಜೊತೆ ಏಳು ಹೆಂಗಸರು ಒಂದೇ ಆಟೋದಲ್ಲಿ ಶಹಾಪುರಕ್ಕೆ ಹೋಗಿ, ಪರೀಕ್ಷೆ ಮುಗಿಯುವವರೆಗೂ ಗೇಟಿನ ಮುಂದೆ ಕುಳಿತಿದ್ದರು. ಬುಧವಾರ ಗೌಡರೇ ಕೆಲಸಕ್ಕೆ ಕರೆ ಕಳಿಸಿದರು. ಬೇರೆ ಗುಂಪು ಸಿಕ್ಕಿರಲಿಲ್ಲ.

ಫಲಿತಾಂಶದ ಪಟ್ಟಿಯಲ್ಲಿ ಸುಮಂಗಲಾಳ ಹೆಸರಿತ್ತು, ಅವಳ ಗೆಳತಿ ಒಬ್ಬಳದೂ ಇತ್ತು. ಶಾಲೆಗೆ ಬಂದ ಮೋನಮ್ಮನಿಗೆ ಅದನ್ನು ಓದಿ ಹೇಳಿದೆ. ಅವಳು ನಗಲಿಲ್ಲ. ಲಕ್ಷ್ಮಿಯ ಕೈ ಹಿಡಿದು ನನ್ನ ಮುಂದೆ ನಿಲ್ಲಿಸಿದಳು.

“ಸಣ್ಣಾಕಿದು ಆತ್ರಿ ಸರ್. ಈಗ ಈಕಿಗಿ ಏನದ ಹುಡುಕ್ರಿ. ಸಿಗೋತನಕ ನಾವು ಇಲ್ಲೇ ಕುಂದರ್ತೀವಿ.”

ತಾಯಿ ಮಗಳು ಬಾಗಿಲಿಗೆ ಅಡ್ಡವಾಗಿ ಕುಳಿತರು. ನಾನು ಬೀರುವಿನ ಬೀಗ ತೆಗೆದು, ಸುತ್ತೋಲೆಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದತೊಡಗಿದೆ.